ರೊಮೇನಿಯನ್‌ನಲ್ಲಿ ‘ನನ್ನ’ ಮತ್ತು ‘ನಂದು’: ಕನ್ನಡದವರಿಗೊಂದು ಸುಲಭದ ದಾರಿ

ಕೆಲಸಕ್ಕೆಂದು ರೊಮೇನಿಯಾದ ಕ್ಲುಜ್ ಊರಿಗೆ ಹೋಗಿ ಮೂರು ವಾರ ಆಗಿತ್ತು. ಆಫೀಸಿನ ಊಟದ ಟೇಬಲ್ಲಿನಲ್ಲಿ ಪಕ್ಕ ಕೂತಿದ್ದ ಸಹೋದ್ಯೋಗಿಯನ್ನು ತೋರಿಸಿ, ಹೊಸದಾಗಿ ಬಂದವರೊಬ್ಬರಿಗೆ ‘ಯಾ ಯೆಸ್ತೆ ಪ್ರಿಯೆತೆನಾ ಮ್ಯಾ’ ಅಂದೆ. ‘ಇವಳು ನನ್ನ ಗೆಳತಿ’ ಅಂತ ಹೇಳಿದ್ದೆ, ಅಷ್ಟೇ. ಎಲ್ಲರೂ ಒಂದು ಕ್ಷಣ ಗಪ್‌ಚುಪ್. ಆಮೇಲೆ ಜೋರು ನಗು. ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ಆಕೆಯೇ. ವ್ಯಾಕರಣದಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಅಲ್ಲಿ ಹಾಗಂದರೆ ‘ನನ್ನ ಗರ್ಲ್‌ಫ್ರೆಂಡ್’ ಎಂದೇ ಜನ ತಿಳಿಯುತ್ತಾರೆ. ನಾನು ಹೇಳಬೇಕಿದ್ದುದು ‘ಒ ಪ್ರಿಯೆತೆನ ಆ ಮ್ಯಾ’, ಅಂದರೆ ‘ನನ್ನ ಗೆಳತಿಯರಲ್ಲಿ ಒಬ್ಬಳು’.

ಆ ಪುಟ್ಟ ‘ಆ’ ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ ಅನ್ನುವುದು ರೊಮೇನಿಯನ್ ಕಲಿಯುವ ಬಹಳ ಜನರಿಗೆ ತಲೆನೋವು. ಕನ್ನಡದವರಿಗೆ ಇದು ಅಷ್ಟು ಕಷ್ಟ ಆಗಬೇಕಿಲ್ಲ. ನಮಗೆ ‘ನನ್ನ’ ಬೇರೆ, ‘ನಂದು’ ಬೇರೆ ಅಂತ ಮೊದಲೇ ಗೊತ್ತು. ನಾವು ಎಡವುವುದು ಬೇರೆ ಜಾಗದಲ್ಲಿ. ಅದನ್ನೂ ಹೇಳುತ್ತೇನೆ.

ಮೊದಲು ಉಚ್ಚಾರಣೆ

ಇಲ್ಲಿ ರೊಮೇನಿಯನ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಅದರಲ್ಲೇನೂ ಅಪಚಾರ ಇಲ್ಲ. ಸಿಕ್ಕಿರುವ ಅತಿ ಹಳೆಯ ರೊಮೇನಿಯನ್ ಬರಹ 1521ರ ಒಂದು ಪತ್ರ, ಅದು ಸಿರಿಲಿಕ್ ಲಿಪಿಯಲ್ಲಿದೆ. ಲ್ಯಾಟಿನ್ ಅಕ್ಷರ ಅಧಿಕೃತವಾಗಿ ಬಂದಿದ್ದು 1860ರ ದಶಕದಲ್ಲಿ.

ಒಂದು ವಿಷಯ ಮಾತ್ರ ಗಟ್ಟಿ ಹಿಡಿದುಕೊಳ್ಳಿ. ಪದದ ಕೊನೆಯಲ್ಲಿ ‘ಅ’ ಮತ್ತು ‘ಆ’ ಬೇರೆ ಬೇರೆ. ‘ಕಾಸ’ ಅಂದರೆ ಮನೆ, ಯಾವುದೋ ಒಂದು ಮನೆ. ‘ಕಾಸಾ’ ಅಂದರೆ ಆ ಮನೆ, ಗೊತ್ತಿರುವ ಮನೆ. ಬರೆಯುವಾಗ ಅವರು ಮೊದಲನೆಯದಕ್ಕೆ ಇಂಗ್ಲಿಷಿನ ‘a’ ಅಕ್ಷರದ ಮೇಲೆ ಬಟ್ಟಲಿನ ಹಾಗೆ ಒಂದು ಗುರುತು ಹಾಕುತ್ತಾರೆ. ಇಂಗ್ಲಿಷ್ ಮೂಲಕ ಕಲಿಯುವವರು ಈ ವ್ಯತ್ಯಾಸ ಕಿವಿಗೆ ಹತ್ತಿಸಿಕೊಳ್ಳಲು ಒದ್ದಾಡುತ್ತಾರೆ. ನಮಗೆ ಹ್ರಸ್ವ, ದೀರ್ಘ ಅಭ್ಯಾಸ ಇರುವುದರಿಂದ ಬೇಗ ಬರುತ್ತದೆ. ‘ಮ್ಯಾ’ ಅನ್ನುವುದನ್ನು ನಮ್ಮ ಧಾರವಾಡದ ಕಡೆಯ ‘ಮ್ಯಾಲೆ’ಯ ‘ಮ್ಯಾ’ ಥರ ಹೇಳಿ, ಹತ್ತಿರ ಹತ್ತಿರ ಸರಿಹೋಗುತ್ತದೆ. ‘ಎಲ್ಲಿ’ಯನ್ನು ‘ಯೆಲ್ಲಿ’ ಅನ್ನುವ ನಮ್ಮ ಚಾಳಿಯೂ ಇಲ್ಲಿ ಕೆಲಸಕ್ಕೆ ಬರುತ್ತೆ. ಅವರು ಬರೆಯುವುದು ‘ಎಸ್ತೆ’, ಹೇಳುವುದು ‘ಯೆಸ್ತೆ’.

ಅಂದಹಾಗೆ, ರೊಮೇನಿಯನ್‌ನಲ್ಲಿ ‘ತಾತ’ ಅಂದರೆ ಅಪ್ಪ. ಮೊದಮೊದಲು ನಗು ಬರುತ್ತೆ, ಆಮೇಲೆ ರೂಢಿಯಾಗುತ್ತೆ.

ಹೆಜ್ಜೆ 1: ಯಾರದು ಅಂತ ನೋಡಬೇಡಿ, ಏನದು ಅಂತ ನೋಡಿ

ಕನ್ನಡದ ‘ನನ್ನ’ ಯಾರ ಮಾತೂ ಕೇಳಲ್ಲ. ನನ್ನ ಅಣ್ಣ, ನನ್ನ ಅಕ್ಕ, ನನ್ನ ಚಪ್ಪಲಿಗಳು. ಎಲ್ಲದಕ್ಕೂ ಒಂದೇ ‘ನನ್ನ’. ರೊಮೇನಿಯನ್‌ನ ‘ನನ್ನ’ ಹಾಗಲ್ಲ. ಮುಂದಿರುವ ವಸ್ತು ಗಂಡೋ ಹೆಣ್ಣೋ, ಒಂದೋ ಹಲವೋ ನೋಡಿಕೊಂಡು ವೇಷ ಬದಲಿಸುತ್ತದೆ. ಹಿಂದಿಯ ‘ಮೇರಾ, ಮೇರಿ, ಮೇರೇ’ ನೆನಪಿಸಿಕೊಳ್ಳಿ, ಅದೇ ಕಥೆ. ಹಿಂದಿಯಲ್ಲಿ ‘ಮೇರಾ ಗಾಡಿ’ ಅಂದು ಬೈಸಿಕೊಂಡವರಿಗೆ ಇಲ್ಲಿಯೂ ಅದೇ ತಪ್ಪು ಕಾದಿದೆ.

‘ನನ್ನ’ ಎಂಬುದಕ್ಕೆ ನಾಲ್ಕು ರೂಪ:

ಗಂಡು, ಒಂದು: ಮೆವ್
ಹೆಣ್ಣು, ಒಂದು: ಮ್ಯಾ
ಗಂಡು, ಹಲವು: ಮೆಯ್
ಹೆಣ್ಣು, ಹಲವು: ಮೆಲೆ

ಅಣ್ಣ ‘ಫ್ರಾತೆಲೆ ಮೆವ್’. ಅಕ್ಕ ‘ಸೊರಾ ಮ್ಯಾ’. ಶೂಗಳು ‘ಪಾಂತೊಫೀ ಮೆಯ್’. ಹೂಗಳು ‘ಫ್ಲೊರಿಲೆ ಮೆಲೆ’. ಹೇಳುವವರು ಗಂಡಸಾದರೂ ಹೆಂಗಸಾದರೂ ಹೀಗೆಯೇ. ‘ನನ್ನ’ ಎಂಬ ಪದ ವಸ್ತುವಿನ ಹಿಂದೆ ಬರುತ್ತದೆ ಅನ್ನುವುದನ್ನೂ ಗಮನಿಸಿ. ಮೊದಲು ಮನೆ, ಆಮೇಲೆ ನನ್ನ.

‘ನಿನ್ನ’ ಇದೇ ಅಚ್ಚಿನದು: ತೌ, ತಾ, ತೈ, ತಾಲೆ. ‘ನಮ್ಮ’ ಅಂದರೆ ನೊಸ್ತ್ರು, ನ್ವಾಸ್ತ್ರ, ನೊಶ್ತ್ರಿ, ನ್ವಾಸ್ತ್ರೆ. ಹಲವರಿಗೆ ಹೇಳುವ ‘ನಿಮ್ಮ’ ವೊಸ್ತ್ರು, ವ್ವಾಸ್ತ್ರ, ವೊಶ್ತ್ರಿ, ವ್ವಾಸ್ತ್ರೆ. ಇಷ್ಟನ್ನೂ ಒಂದೇ ದಿನ ಬಾಯಿಪಾಠ ಮಾಡಲು ಹೋಗಬೇಡಿ. ಮೊದಲ ವಾರ ‘ನನ್ನ’ ಮತ್ತು ‘ನಿನ್ನ’ ಸಾಕು. ಉಳಿದವು ಅದೇ ಜಾಡಿನಲ್ಲಿ ಬರುತ್ತವೆ.

ಹೆಜ್ಜೆ 2: ವಸ್ತುವಿನ ಲಿಂಗ ಪತ್ತೆ ಮಾಡುವುದು

ಇಲ್ಲಿ ನಮ್ಮ ಕನ್ನಡ ಕೈಕೊಡುತ್ತದೆ. ನಮಗೆ ಮನುಷ್ಯರಿಗೆ ಮಾತ್ರ ಗಂಡು ಹೆಣ್ಣು, ಉಳಿದದ್ದೆಲ್ಲ ನಪುಂಸಕ. ಅವರಿಗೆ ಮನೆ ಹೆಣ್ಣು, ಪುಸ್ತಕ ಹೆಣ್ಣು, ಕಾಫಿ ಹೆಣ್ಣು. ಶೂ ಗಂಡು, ಹಲ್ಲು ಗಂಡು. ಯಾಕೆ ಅಂತ ಕೇಳಬೇಡಿ. ನಾನು ಕೇಳಿದ್ದೆ, ಯಾರಿಗೂ ಗೊತ್ತಿರಲಿಲ್ಲ.

ಪದದ ಕೊನೆ ಸ್ವಲ್ಪ ದಾರಿ ತೋರಿಸುತ್ತದೆ. ‘ಅ’ದಲ್ಲಿ ಮುಗಿದರೆ ಬಹುಪಾಲು ಹೆಣ್ಣು: ಕಾಸ, ಸೊರ. ನಮ್ಮ ‘ತಾತ’ ಇದಕ್ಕೆ ಅಪವಾದ, ಅಪ್ಪನನ್ನು ಹೆಣ್ಣು ಮಾಡುವ ಹಾಗಿಲ್ಲವಲ್ಲ. ವ್ಯಂಜನದಲ್ಲಿ ಮುಗಿದರೆ ಸಾಮಾನ್ಯವಾಗಿ ಗಂಡು ಅಥವಾ ನಪುಂಸಕ: ಪ್ರಿಯೆತೆನ್ ಅಂದರೆ ಗೆಳೆಯ, ಒರಾಶ್ ಅಂದರೆ ಪಟ್ಟಣ. ‘ಎ’ಯಲ್ಲಿ ಮುಗಿದರೆ ಎರಡೂ ಆಗಬಹುದು. ‘ಕಾರ್ತೆ’ ಅಂದರೆ ಪುಸ್ತಕ, ಹೆಣ್ಣು. ‘ಫ್ರಾತೆ’ ಅಂದರೆ ಅಣ್ಣ ಅಥವಾ ತಮ್ಮ, ಗಂಡು. ಹೀಗಾಗಿ ಹೊಸ ಪದ ಕಲಿಯುವಾಗ ಒಂಟಿಯಾಗಿ ಕಲಿಯಬೇಡಿ. ಜೊತೆಗೆ ‘ಒಂದು, ಎರಡು’ ಸೇರಿಸಿ ಕಲಿಯಿರಿ.

ಗಂಡಿಗೆ ‘ಉನ್’ ಮತ್ತು ‘ದೊಯ್’: ಉನ್ ಪಾಂತೊಫ್, ದೊಯ್ ಪಾಂತೊಫಿ. ಹೆಣ್ಣಿಗೆ ‘ಒ’ ಮತ್ತು ‘ದೊವ’: ಒ ಕಾಸ, ದೊವ ಕಾಸೆ. ‘ಉನ್’ ಮತ್ತು ‘ದೊವ’ ಬಂತು ಅಂದರೆ ನಪುಂಸಕ: ಉನ್ ತೆಲೆಫೊನ್, ದೊವ ತೆಲೆಫ್ವಾನೆ.

ಅವರ ನಪುಂಸಕ ಅನ್ನುವುದು ಒಂದು ಮಜಾ ವ್ಯವಸ್ಥೆ. ಅದಕ್ಕೆ ಸ್ವಂತ ರೂಪವೇ ಇಲ್ಲ. ಒಂದಿದ್ದಾಗ ಗಂಡಿನ ಹಾಗೆ, ಹಲವಾದಾಗ ಹೆಣ್ಣಿನ ಹಾಗೆ. ನನ್ನ ಫೋನ್ ‘ತೆಲೆಫೊನುಲ್ ಮೆವ್’, ನನ್ನ ಫೋನ್‌ಗಳು ‘ತೆಲೆಫ್ವಾನೆಲೆ ಮೆಲೆ’. ಅದಕ್ಕೆಂದು ಐದನೇ ರೂಪ ಕಲಿಯಬೇಕಿಲ್ಲ, ಅದೇ ಸಮಾಧಾನ.

ಹೆಜ್ಜೆ 3: ‘ನನ್ನ’ ಅನ್ನುವ ಮೊದಲು ವಸ್ತುವಿಗೆ ಬಾಲ ಕಟ್ಟಿ

‘ಕಾಸ ಮ್ಯಾ’ ತಪ್ಪು. ‘ಕಾಸಾ ಮ್ಯಾ’ ಸರಿ. ಅಂದರೆ ‘ಆ ಮನೆ’ ಅಂತ ಮಾಡಿಕೊಂಡು ಆಮೇಲೆ ‘ನನ್ನ’ ಸೇರಿಸಬೇಕು. ಇಂಗ್ಲಿಷಿನ ‘ದ’ ಎಂಬ ಪದ ರೊಮೇನಿಯನ್‌ನಲ್ಲಿ ನಾಮಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಶ್ ಎಲ್ಲವೂ ಲ್ಯಾಟಿನ್‌ನ ಮಕ್ಕಳೇ, ಆದರೆ ಅವೆಲ್ಲ ಅದನ್ನು ಮುಂದೆ ಇಡುತ್ತವೆ. ರೊಮೇನಿಯನ್ ಮಾತ್ರ ಅಕ್ಕಪಕ್ಕದ ಬಲ್ಗೇರಿಯನ್, ಅಲ್ಬೇನಿಯನ್ ಭಾಷೆಗಳ ಹಾಗೆ ಹಿಂದೆ ಅಂಟಿಸುತ್ತದೆ. ಮನೆಯಲ್ಲಿ, ಮನೆಯಿಂದ, ಮನೆಗೆ ಅಂತ ದಿನಾ ಬಾಲ ಕಟ್ಟುವ ನಮಗೆ ಇದೇನು ದೊಡ್ಡ ವಿಷಯ ಅಲ್ಲ.

ಕಾಸ, ಕಾಸಾ. ಕಾರ್ತೆ, ಕಾರ್ತ್ಯಾ. ಕಾಫ್ಯಾ, ಕಾಫ್ಯಾವಾ. ಪ್ರಿಯೆತೆನ್, ಪ್ರಿಯೆತೆನುಲ್. ಫ್ರಾತೆ, ಫ್ರಾತೆಲೆ. ತಾತ, ತಾತಲ್. ಈ ಕೊನೆಯದನ್ನು ನೆನಪಿಡಲು ಸುಲಭದ ದಾರಿ ಇದೆ. ಕ್ರೈಸ್ತರ ‘ನಮ್ಮ ತಂದೆಯೇ’ ಪ್ರಾರ್ಥನೆಯನ್ನು ರೊಮೇನಿಯನ್ನರು ಅದರ ಮೊದಲ ಎರಡು ಪದಗಳಿಂದಲೇ ಕರೆಯುತ್ತಾರೆ: ‘ತಾತಲ್ ನೊಸ್ತ್ರು’.

ಮನೆಮಂದಿಯ ವಿಷಯದಲ್ಲಿ ಮಾತ್ರ ಆಡುಮಾತು ಬೇರೆ ದಾರಿ ಹಿಡಿಯುತ್ತದೆ. ನಾವು ‘ನಮ್ಮ ಅಣ್ಣ’ ಅನ್ನದೆ ‘ನಮ್ಮಣ್ಣ’ ಅಂತ ಕೂಡಿಸಿಬಿಡುತ್ತೇವಲ್ಲ, ಹಾಗೆ ಅವರೂ ‘ಫ್ರಾತೆ-ಮೆವ್’, ‘ಸೊರ-ಮ್ಯಾ’ ಅಂತ ಬಾಲ ಬಿಟ್ಟು ಅಂಟಿಸಿಬಿಡುತ್ತಾರೆ. ಕೇಳಿದರೆ ಅರ್ಥ ಆಗಲಿ ಅಂತ ಹೇಳಿದೆ. ನೀವು ಮಾತಾಡುವಾಗ ‘ಸೊರಾ ಮ್ಯಾ’ ಅಂದರೇ ಒಳ್ಳೆಯದು. ಅದರಲ್ಲೂ ‘ನಿನ್ನ ಅಮ್ಮ’ ಅನ್ನಬೇಕಾದಾಗ ಪೂರ್ತಿಯಾಗಿ ‘ಮಾಮಾ ತಾ’ ಅನ್ನಿ. ಅದರ ಮೊಟಕು ರೂಪವೊಂದಿದೆ, ಬೀದಿ ಜಗಳದ ಬೈಗುಳಕ್ಕೆ ಬಳಕೆಯಾಗುವಂಥದ್ದು. ‘ನಿನ್ನಮ್ಮನ್’ ಅಂತ ಶುರುವಾಗುವ ನಮ್ಮ ಮಾತುಗಳ ಹಾಗೆಯೇ.

ಹೆಜ್ಜೆ 4: ನಂದು, ನಿಂದು

ಈಗ ಆ ಪುಟ್ಟ ‘ಆ’. ಪುಸ್ತಕಗಳು ಇದಕ್ಕೆ ದೊಡ್ಡ ಹೆಸರು ಕೊಟ್ಟು ಹೆದರಿಸುತ್ತವೆ. ನೀವು ಸುಮ್ನೆ ಹೀಗೆ ತಿಳಿಯಿರಿ: ‘ಮೆವ್’ ಅಂದರೆ ನನ್ನ, ‘ಆಲ್ ಮೆವ್’ ಅಂದರೆ ನಂದು.

ಆಲ್ ಮೆವ್, ಆ ಮ್ಯಾ, ಆಯ್ ಮೆಯ್, ಆಲೆ ಮೆಲೆ. ಜೋಡಿಯಾಗಿ ಹೇಳಿಕೊಳ್ಳಿ, ಒಂದು ಲಯ ಸಿಗುತ್ತದೆ. ನಿಂದು: ಆಲ್ ತೌ, ಆ ತಾ, ಆಯ್ ತೈ, ಆಲೆ ತಾಲೆ.

‘ಈ ಫೋನ್ ಯಾರದು?’ ‘ಆಲ್ ಕುಯ್ ಯೆಸ್ತೆ ತೆಲೆಫೊನುಲ್?’ ‘ನಂದು.’ ‘ಆಲ್ ಮೆವ್.’ ಪುಸ್ತಕ ಆಗಿದ್ದರೆ ‘ಆ ಕುಯ್?’ ‘ಆ ಮ್ಯಾ.’ ಯಾರದು ಅನ್ನುವ ಪ್ರಶ್ನೆಯೂ ವಸ್ತುವಿನ ಲಿಂಗ ನೋಡಿಯೇ ಬರುತ್ತೆ. ಇದರಿಂದ ಒಂದು ಲಾಭ ಇದೆ. ಪ್ರಶ್ನೆ ‘ಆಲ್’ ಅಂತ ಶುರುವಾದರೆ ಉತ್ತರವೂ ‘ಆಲ್’. ಲಿಂಗ ಗೊತ್ತಿಲ್ಲದಿದ್ದರೂ ಕಿವಿ ಕೊಟ್ಟರೆ ಬಚಾವ್.

ನಿಯಮ ಇಷ್ಟೇ. ಬಾಲ ಕಟ್ಟಿದ ನಾಮಪದಕ್ಕೆ ತಾಗಿಕೊಂಡೇ ‘ನನ್ನ’ ಬಂದರೆ ಆಲ್ ಬೇಡ. ನಡುವೆ ಏನಾದರೂ ಬಂದರೆ, ಬಾಲ ಇಲ್ಲದಿದ್ದರೆ, ಅಥವಾ ನಾಮಪದವೇ ಪಕ್ಕದಲ್ಲಿ ಇಲ್ಲದಿದ್ದರೆ, ಬೇಕು. ‘ಕಾರ್ತ್ಯಾ ಮ್ಯಾ’, ನನ್ನ ಪುಸ್ತಕ. ‘ಕಾರ್ತ್ಯಾ ಯೆಸ್ತೆ ಆ ಮ್ಯಾ’, ಪುಸ್ತಕ ನಂದು. ‘ಒ ಕಾರ್ತೆ ಆ ಮ್ಯಾ’, ನನ್ನದೊಂದು ಪುಸ್ತಕ. ‘ಕಾಸಾ ಮ್ಯಾ ಶಿ ಆ ತಾ’, ನನ್ನ ಮತ್ತು ನಿನ್ನ ಮನೆ.

ಈ ಮೂರನೆಯದನ್ನು ನೋಡಿ. ‘ನನ್ನದೊಂದು’ ಅನ್ನುವಾಗ ನಾವೂ ‘ನನ್ನ’ ಬಿಟ್ಟು ‘ನನ್ನದು’ ಹಿಡಿಯುತ್ತೇವೆ ಅಲ್ವಾ? ಅದೇ ಜಾಗದಲ್ಲಿ ಅವರಿಗೆ ‘ಆಲ್’ ಬರುತ್ತದೆ. ‘ಉನ್ ಪ್ರಿಯೆತೆನ್ ಆಲ್ ಮೆವ್’ ಅಂದರೆ ನನ್ನ ಗೆಳೆಯನೊಬ್ಬ. ಇಲ್ಲಿ ಮಾತ್ರ ನಾವು ‘ನನ್ನದೊಬ್ಬ’ ಅನ್ನಲ್ಲ, ಹಾಗಾಗಿ ಕನ್ನಡವನ್ನು ಕುರುಡಾಗಿ ನಂಬಿದರೆ ನನ್ನ ಹಾಗೆ ಊಟದ ಟೇಬಲ್ಲಿನಲ್ಲಿ ಸಿಕ್ಕಿಬೀಳುತ್ತೀರಿ. ‘ಒಬ್ಬ’ ‘ಒಂದು’ ಬಂತು ಅಂದರೆ ಆಲ್ ಅಥವಾ ಆ ಬಂತು, ಅಷ್ಟು ಸಾಕು.

ಮೊಲ್ದೊವಾ ಕಡೆಯವರ ಆಡುಮಾತಿನಲ್ಲಿ ಈ ನಾಲ್ಕೂ ಸವೆದು ಬರೀ ‘ಆ’ ಆಗಿರುವುದನ್ನು ಕೇಳುತ್ತೀರಿ. ಖುಷಿಪಟ್ಟು ಅದನ್ನೇ ಹಿಡಿಯಬೇಡಿ, ಪರೀಕ್ಷೆಯಲ್ಲಿ ನಡೆಯಲ್ಲ.

‘ಆಯ್ ಮೆಯ್’ಗೆ ಇನ್ನೊಂದು ಅರ್ಥ ಇದೆ, ನನಗೆ ಬಹಳ ಇಷ್ಟವಾದದ್ದು. ಒಂಟಿಯಾಗಿ ಹೇಳಿದರೆ ‘ನಮ್ಮೋರು’, ಅಂದರೆ ಅಪ್ಪ ಅಮ್ಮ, ಮನೆಯವರು. ವಾರದ ಕೊನೆಗೆ ಎಲ್ಲಿಗೆ ಅಂತ ಕೇಳಿದರೆ ‘ಲಾ ಆಯ್ ಮೆಯ್’ ಅನ್ನುತ್ತಾರೆ. ಊರಿಗೆ, ನಮ್ಮೋರ ಹತ್ತಿರ.

ಹೆಜ್ಜೆ 5: ನಾವು ಬೀಳುವ ಎರಡು ಗುಂಡಿ

ಮೊದಲನೆಯದು ನಮ್ಮ ‘ನಮ್ಮ’. ಕನ್ನಡದಲ್ಲಿ ಒಬ್ಬರೇ ಮಾತಾಡುವಾಗಲೂ ನಮ್ಮಮ್ಮ, ನಮ್ಮನೆ, ನಮ್ಮ ಯಜಮಾನ್ರು. ಇದು ಎಷ್ಟು ಸಹಜ ಅಂದರೆ ನಮಗೆ ಗೊತ್ತೇ ಆಗಲ್ಲ. ಇದನ್ನೇ ರೊಮೇನಿಯನ್‌ಗೆ ತಂದು ಹೆಣ್ಣುಮಗಳೊಬ್ಬಳು ‘ಸೊತ್ಸುಲ್ ನೊಸ್ತ್ರು’ ಅಂದರೆ? ‘ನಮ್ಮೆಲ್ಲರ ಗಂಡ’ ಆಗಿಬಿಡುತ್ತೆ. ಗಂಡಸರು ‘ಸೊತ್ಸಿಯಾ ನ್ವಾಸ್ತ್ರ’ ಅಂದರೂ ಅದೇ ಫಜೀತಿ. ‘ಸೊತ್ಸುಲ್ ಮೆವ್’, ‘ಸೊತ್ಸಿಯಾ ಮ್ಯಾ’ ಅನ್ನಬೇಕು. ಅಕ್ಕ ತಂಗಿಯರಿಬ್ಬರು ಸೇರಿ ಹೇಳಿದರೆ ಮಾತ್ರ ‘ಮಾಮಾ ನ್ವಾಸ್ತ್ರ’. ನಮ್ಮ ‘ನಮ್ಕಡೆ’ಯ ಆಪ್ತತೆ ಬೇಕೇ ಬೇಕು ಅಂದರೆ ಅದಕ್ಕೆ ಅವರಲ್ಲಿ ‘ಲಾ ನೊಯ್’ ಇದೆ. ‘ನಮ್ಮಲ್ಲಿ’ ಅಂತ. ನಮ್ಮ ಮನೆಯಲ್ಲಿ, ನಮ್ಮೂರಲ್ಲಿ, ನಮ್ಮ ದೇಶದಲ್ಲಿ, ಎಲ್ಲಕ್ಕೂ ಆಗುತ್ತದೆ.

ಎರಡನೆಯದು ‘ನಿಮ್ಮ’. ನಮಗೆ ಹಲವರಿಗೂ ‘ನಿಮ್ಮ’, ಒಬ್ಬ ಹಿರಿಯರಿಗೂ ‘ನಿಮ್ಮ’. ಅಲ್ಲಿ ವೊಸ್ತ್ರು, ವ್ವಾಸ್ತ್ರ ಇರುವುದು ಹಲವರಿಗೆ ಮಾತ್ರ, ಅದೂ ಸಲಿಗೆಯವರಿಗೆ. ಮನೆ ಓನರ್ ಅಜ್ಜಿಗೆ, ಡಾಕ್ಟರಿಗೆ, ಕೌಂಟರಿನಲ್ಲಿ ಕೂತವರಿಗೆ ‘ದುಮ್ನ್ಯಾವ್ವಾಸ್ತ್ರ’ ಅನ್ನಬೇಕು. ಉದ್ದ ಇದೆ ಅಂತ ಗಾಬರಿ ಬೇಡ. ಇದು ‘ತಾವು’ ಕೂಡ ಹೌದು, ‘ತಮ್ಮ’ ಕೂಡ ಹೌದು. ಮೂಲದಲ್ಲಿ ‘ನಿಮ್ಮ ಒಡೆತನ’ ಅನ್ನುವಂಥ ಗೌರವದ ಮಾತು. ಇದರ ದೊಡ್ಡ ಗುಣ ಅಂದರೆ ಬದಲಾಗುವುದೇ ಇಲ್ಲ. ಕಾಸಾ ದುಮ್ನ್ಯಾವ್ವಾಸ್ತ್ರ, ತೆಲೆಫೊನುಲ್ ದುಮ್ನ್ಯಾವ್ವಾಸ್ತ್ರ. ಗಂಡು, ಹೆಣ್ಣು, ಒಂದು, ಹಲವು ಯಾವ ತಲೆಬಿಸಿಯೂ ಇಲ್ಲ. ಗೌರವ ಕೊಟ್ಟರೆ ವ್ಯಾಕರಣವೂ ಸುಲಭ.

ಹೆಜ್ಜೆ 6: ಅವನ, ಅವಳ, ತನ್ನ

ಇದೂ ಬೇಗ ಮುಗಿಯುತ್ತೆ. ಅವನ ‘ಲುಯ್’, ಅವಳ ‘ಯೆಯ್’, ಅವರ ‘ಲೊರ್’. ಮೂರೂ ಬದಲಾಗಲ್ಲ. ಕಾಸಾ ಲುಯ್, ಕಾಸಾ ಯೆಯ್, ಕಾಸಾ ಲೊರ್. ‘ಅವನದು’ ಅನ್ನುವಾಗ ಮುಂದಿನ ಆಲ್ ಮಾತ್ರ ಬದಲಾಗುತ್ತೆ: ಆಲ್ ಲುಯ್, ಆ ಲುಯ್.

ಪುಸ್ತಕ, ಪತ್ರಿಕೆಗಳಲ್ಲಿ ಸೌ, ಸಾ, ಸೈ, ಸಾಲೆ ಅಂತ ಇನ್ನೊಂದು ಸಾಲು ಕಾಣುತ್ತೀರಿ. ಅದು ಅವನಿಗೂ ಆಗುತ್ತೆ, ಅವಳಿಗೂ ಆಗುತ್ತೆ. ಓದುವಾಗ ಗುರುತಿಸಿದರೆ ಸಾಕು. ಅದನ್ನು ನಮ್ಮ ‘ತನ್ನ’ ಎಂದುಕೊಳ್ಳುವ ಆಸೆ ಆಗುತ್ತದೆ. ಪೂರ್ತಿ ಹೊಂದುವುದಿಲ್ಲ. ‘ಅವನು ತನ್ನ ಕೀ ಕಳೆದುಕೊಂಡ’ ಅನ್ನಲು ಮಾತಿನಲ್ಲಿ ‘ತನ್ನ’ ಎಂಬ ಪದವನ್ನೇ ಬಿಡುತ್ತಾರೆ: ‘ಶ್ಯಾ ಪ್ಯೆರ್ದುತ್ ಕೆಯ್ಲೆ’. ‘ಕೆಯ್ಲೆ’ ಅಂದರೆ ಕೀಗಳು. ಮೊದಲಲ್ಲಿ ಬಂದ ಆ ‘ಶ್ಯಾ’ದೊಳಗೆ ‘ತನಗೆ’ ಅಡಗಿದೆ. ‘ನನ್ನ ಕೀ ಕಳೆದುಕೊಂಡೆ’ ಅನ್ನಲು ‘ಮ್ಯಾಮ್ ಪ್ಯೆರ್ದುತ್ ಕೆಯ್ಲೆ’. ನಮ್ಮ ‘ಕಳೆದುಕೊಂಡೆ’ಯಲ್ಲಿರುವ ‘ಕೊಂಡೆ’ ಮಾಡುವ ಕೆಲಸವನ್ನೇ ಅಲ್ಲಿ ಈ ತುಣುಕು ಮಾಡುತ್ತದೆ.

ಮೈಗೆ, ಮನಸ್ಸಿಗೆ ಸಂಬಂಧಿಸಿದ ಮಾತುಗಳಲ್ಲೂ ‘ನನ್ನ’ ಹುಡುಕಬೇಡಿ. ತಲೆನೋವಿಗೆ ‘ಮ ದ್ವಾರೆ ಕಾಪುಲ್’, ಅಂದರೆ ತಲೆ ನನ್ನನ್ನು ನೋಯಿಸುತ್ತಿದೆ. ಹಸಿವಿಗೆ ‘ಮ್ಯೆ ಫ್ವಾಮೆ’, ನನಗೆ ಹಸಿವು. ಚಳಿಗೆ ‘ಮ್ಯೆ ಫ್ರಿಗ್’, ನನಗೆ ಚಳಿ. ಇಂಗ್ಲಿಷ್ ಮೂಲಕ ಕಲಿತವರು ‘ನಾನು ಹಸಿದಿದ್ದೇನೆ’ಯಿಂದ ಶುರು ಮಾಡಿ ಸುತ್ತಿ ಬಳಸಿ ಬರಬೇಕು. ನಾವು ನೇರ ಕನ್ನಡದಿಂದ ನಡೆದರೆ ಆಯಿತು. ‘ಮನೆ ನೆನಪಾಗ್ತಿದೆ’ ಅನ್ನಲು ‘ಮ್ಯೆ ದೊರ್ ದೆ ಕಾಸ’. ಕ್ಲುಜ್‌ನ ಮೊದಲ ಚಳಿಗಾಲದಲ್ಲಿ ಇದನ್ನು ಬಹಳ ಸಲ ಹೇಳಿದ್ದೇನೆ.

ಹೆಜ್ಜೆ 7: ನಮ್ಮಕ್ಕನ ಮನೆ

ಒಂದೇ ಒಂದು ಕೊಕ್ಕೆ ಉಳಿದಿದೆ. ‘ನನ್ನ ಅಮ್ಮನ ಮನೆ’ ಅನ್ನುವಾಗ ‘ಮ್ಯಾ’ ಬದಲಾಗಿ ‘ಮೆಲೆ’ ಆಗುತ್ತದೆ: ಕಾಸಾ ಮಾಮೆಯ್ ಮೆಲೆ. ಅಮ್ಮ ಒಬ್ಬಳೇ, ಆದರೂ ಹಲವರ ರೂಪ. ಹೆಣ್ಣುಪದಕ್ಕೆ ‘ಅ’ ‘ಗೆ’ ವಿಭಕ್ತಿ ಸೇರಿದಾಗಲೆಲ್ಲ, ಅಂದರೆ ಅಮ್ಮನ, ಅಮ್ಮನಿಗೆ ಎನ್ನುವಾಗ, ಬಹುವಚನದ ರೂಪ ಹಾಕಬೇಕು. ಮೆಲೆ, ತಾಲೆ, ನ್ವಾಸ್ತ್ರೆ, ವ್ವಾಸ್ತ್ರೆ. ಗಂಡುಪದಕ್ಕೆ ಈ ಕಾಟ ಇಲ್ಲ. ಅಣ್ಣನ ಮನೆ ‘ಕಾಸಾ ಫ್ರಾತೆಲುಯ್ ಮೆವ್’. ಮೊದಲ ತಿಂಗಳು ಇದನ್ನು ತಪ್ಪು ಹೇಳಿದರೂ ಪರವಾಗಿಲ್ಲ, ಎಲ್ಲರಿಗೂ ಅರ್ಥ ಆಗುತ್ತೆ.

ದಿನಕ್ಕೆ ಹತ್ತು ನಿಮಿಷ

ಪಟ್ಟಿ ಉರು ಹೊಡೆಯುವುದಕ್ಕಿಂತ ಇದು ಒಳ್ಳೆಯದು. ಮೇಜಿನ ಮೇಲೆ ಐದು ವಸ್ತು ಇಡಿ: ಫೋನ್, ಪುಸ್ತಕ, ಕೀ ಗೊಂಚಲು, ಕಾಫಿ ಲೋಟ ತುಂಬ ಕಾಫಿ, ಪಕ್ಕದಲ್ಲಿ ಶೂ. ಒಂದೊಂದನ್ನೂ ಮುಟ್ಟಿ ‘ನನ್ನ’ ಅನ್ನಿ, ಮತ್ತೆ ‘ನಂದು’ ಅನ್ನಿ. ತೆಲೆಫೊನುಲ್ ಮೆವ್, ಆಲ್ ಮೆವ್. ಕಾರ್ತ್ಯಾ ಮ್ಯಾ, ಆ ಮ್ಯಾ. ಕೆಯ್ಲೆ ಮೆಲೆ, ಆಲೆ ಮೆಲೆ. ಕಾಫ್ಯಾವಾ ಮ್ಯಾ, ಆ ಮ್ಯಾ. ಪಾಂತೊಫೀ ಮೆಯ್, ಆಯ್ ಮೆಯ್. ಕಾಫಿ ಆರುವುದರೊಳಗೆ ಮುಗಿಯುತ್ತೆ. ಎರಡನೇ ವಾರ ವಸ್ತು ಬದಲಿಸಿ, ‘ನಿನ್ನ’ ಸೇರಿಸಿ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಕಿತ್ತಾಡಿ: ‘ಆ ಮ್ಯಾ!’ ‘ನು, ಆ ಮ್ಯಾ!’ ‘ನು’ ಅಂದರೆ ಇಲ್ಲ.

ಕೊನೆಗೆ ಐದು ವಾಕ್ಯ. ಉತ್ತರ ಕೆಳಗಿದೆ, ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿ.

ಇದು ನನ್ನ ಫೋನ್, ಅದು ನಿಂದು.
ನಮ್ಮಕ್ಕನ ಮನೆ. (ಹೇಳುತ್ತಿರುವುದು ನೀವೊಬ್ಬರೇ.)
ಮೇಡಂ, ಈ ಪುಸ್ತಕ ನಿಮ್ಮದಾ?
ನನ್ನ ಗೆಳೆಯರು.
ಇವಳು ನನ್ನ ಗೆಳತಿಯರಲ್ಲಿ ಒಬ್ಬಳು.

ಆಚೆಸ್ತಾ ಯೆಸ್ತೆ ತೆಲೆಫೊನುಲ್ ಮೆವ್, ಆಚೆಲಾ ಯೆಸ್ತೆ ಆಲ್ ತೌ.
ಕಾಸಾ ಸುರೊರೀ ಮೆಲೆ. ‘ನ್ವಾಸ್ತ್ರೆ’ ಬರೆದವರು ಐದನೇ ಹೆಜ್ಜೆ ಇನ್ನೊಮ್ಮೆ ಓದಿ.
ದ್ವಾಮ್ನ, ಕಾರ್ತ್ಯಾ ಆಚ್ಯಾಸ್ತಾ ಯೆಸ್ತೆ ಆ ದುಮ್ನ್ಯಾವ್ವಾಸ್ತ್ರ?
ಪ್ರಿಯೆತೆನೀ ಮೆಯ್.
ಯಾ ಯೆಸ್ತೆ ಒ ಪ್ರಿಯೆತೆನ ಆ ಮ್ಯಾ. ‘ಆ’ ಮರೆತರೆ ಏನಾಗುತ್ತೆ ಅಂತ ನಿಮಗೀಗ ಗೊತ್ತು.